1967ರ ಅಲಿ, 2024ರ ಉಸಿಕ್: ನಡೆಯದ ಪಂದ್ಯದ ಹದಿನೈದು ಸುತ್ತುಗಳು

ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರುಗಳನ್ನು ಒಂದೇ ರಿಂಗಿಗೆ ಇಳಿಸಿ, ಯಾರು ಗೆಲ್ಲುತ್ತಿದ್ದರು ಎಂದು ವಾದಿಸುವುದನ್ನು ಕೆಲಸವಿಲ್ಲದವರ ಹರಟೆಯೆಂದು ತಳ್ಳಿಹಾಕುವವರಿದ್ದಾರೆ. ಆ ಹರಟೆ ಬಹುಪಾಲು ಹಾದಿ ತಪ್ಪುತ್ತದೆ ಎಂಬುದು ನಿಜ, ಆದರೆ ಅದಕ್ಕೆ ಕಾರಣ ನಾವು ವಾದಿಸುವ ಕ್ರಮ. ಒಬ್ಬರ ಸಾಧನೆಯ ಪಟ್ಟಿಯನ್ನು ಇನ್ನೊಬ್ಬರ ಸಾಧನೆಯ ಪಟ್ಟಿಯ ಪಕ್ಕದಲ್ಲಿಟ್ಟು ಯಾವುದು ಉದ್ದವಿದೆ ಎಂದು ನೋಡುತ್ತೇವೆ. ರಾಕಿ ಮಾರ್ಸಿಯಾನೊ 49 ಪಂದ್ಯಗಳನ್ನು ಆಡಿ ಒಂದರಲ್ಲೂ ಸೋಲಲಿಲ್ಲ, ಜೋ ಲೂಯಿಸ್ 25 ಸಲ ಪಟ್ಟ ಉಳಿಸಿಕೊಂಡರು, ಮೈಕ್ ಟೈಸನ್ 20ನೇ ವಯಸ್ಸಿಗೇ ಚಾಂಪಿಯನ್ ಆದರು. ಇವೆಲ್ಲ ಸತ್ಯವೇ, ಆದರೆ ಗಂಟೆ ಬಾರಿಸಿದ ಮೇಲೆ ಇವುಗಳಲ್ಲಿ ಯಾವುದೂ ಎದುರಾಳಿಯ ಗದ್ದಕ್ಕೆ ತಗಲುವುದಿಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಎಷ್ಟೇ ದೊಡ್ಡ ಬಾಕ್ಸರ್ ಆಗಿರಲಿ, ಕೊನೆಯವರೆಗೂ ತಿದ್ದಿಕೊಳ್ಳದೆ ಉಳಿದ ಒಂದೆರಡು ದೋಷಗಳು ಅವನಲ್ಲಿ ಇದ್ದೇ ಇರುತ್ತವೆ. ಆ ದೋಷವೆಂಬ ಬೀಗದ ಕೀಲಿ ಎದುರಿಗೆ ನಿಂತವನ ಕೈಯಲ್ಲಿದೆಯೇ ಇಲ್ಲವೇ ಎಂಬುದಷ್ಟೇ ನನಗೆ ಮುಖ್ಯ.

ಇದಕ್ಕೆ ಚೆನ್ನಾದ ನಿದರ್ಶನ 1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನಡೆದ ಪಂದ್ಯ. ಜೋ ಲೂಯಿಸ್ ಅಲ್ಲಿಯವರೆಗೆ ಸೋಲನ್ನೇ ಕಂಡಿರಲಿಲ್ಲ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವರಿಗೆ ಮೂವತ್ತು ದಾಟಿತ್ತು, ಅವರ ಕಾಲ ಮುಗಿಯಿತೆಂದೇ ಎಲ್ಲರ ಎಣಿಕೆಯಾಗಿತ್ತು. ಆದರೆ ಲೂಯಿಸ್ ಎಡಗೈಯಿಂದ ಜ್ಯಾಬ್ (ಮುಂದಿಟ್ಟ ಕೈಯ ಚುಟುಕಾದ ನೇರ ಹೊಡೆತ) ಹೊಡೆದು ಕೈಯನ್ನು ಹಿಂದಕ್ಕೆ ತರುವಾಗ ಅದು ಭುಜದ ಮಟ್ಟದಿಂದ ಕೆಳಗಿಳಿಯುತ್ತದೆ ಎಂಬುದನ್ನು ಶ್ಮೆಲಿಂಗ್ ಮೊದಲೇ ಗಮನಿಸಿಟ್ಟುಕೊಂಡಿದ್ದರು. ಆ ಕೈ ಇಳಿಯುವ ಕ್ಷಣದಲ್ಲಿ ಅದರ ಮೇಲಿಂದ ಹಾದು ಹೋಗುವ ನೇರ ಬಲಗೈ ಹೊಡೆತ ಅವರ ಬತ್ತಳಿಕೆಯಲ್ಲಿದ್ದ ಅತ್ಯುತ್ತಮ ಹೊಡೆತವೇ ಆಗಿತ್ತು. 12ನೇ ಸುತ್ತಿನಲ್ಲಿ ಲೂಯಿಸ್ ನೆಲಕ್ಕುರುಳಿದರು. ಅದೇ ದೋಷವನ್ನು ಬೇರೆಯವರೂ ಕಂಡಿರಬಹುದು, ಆದರೆ ಆ ಬಲಗೈ ಅವರಲ್ಲಿರಲಿಲ್ಲ. ಎರಡು ವರ್ಷದ ನಂತರದ ಮರುಪಂದ್ಯ 124 ಸೆಕೆಂಡುಗಳಲ್ಲಿ ಮುಗಿಯಿತು. ಆ ಹೊತ್ತಿಗೆ ಲೂಯಿಸ್ ಆ ಕಿಂಡಿಯನ್ನು ಮುಚ್ಚಿದ್ದರು, ಶ್ಮೆಲಿಂಗ್ ಅವರಲ್ಲಿ ಎರಡನೇ ಕೀಲಿ ಇರಲಿಲ್ಲ.

ಕಲ್ಪನೆಯ ಪಂದ್ಯಗಳನ್ನು ಯಂತ್ರಕ್ಕೆ ಒಪ್ಪಿಸಿದ ಪ್ರಯತ್ನವೂ ಹಿಂದೆ ನಡೆದಿದೆ. 1967ರಲ್ಲಿ ಮಯಾಮಿಯ ಮರ್ರಿ ವೊರೊನರ್ ಎಂಬ ರೇಡಿಯೊ ನಿರ್ಮಾಪಕರು ಎಲ್ಲ ಕಾಲದ 16 ಮಂದಿ ಹೆವಿವೇಟ್ ಬಾಕ್ಸರುಗಳನ್ನು ಆರಿಸಿ, ಅವರ ಗುಣದೋಷಗಳನ್ನು ಅಂಕಿಗಳಾಗಿಸಿ ಎನ್‌ಸಿಆರ್ 315 ಕಂಪ್ಯೂಟರಿಗೆ ಉಣಿಸಿ, ಹೊರಬಂದ ಫಲಿತಾಂಶಗಳನ್ನು ನೇರ ವೀಕ್ಷಕ ವಿವರಣೆಯ ಧಾಟಿಯಲ್ಲಿ ಪ್ರಸಾರ ಮಾಡಿದರು. ಅದರಲ್ಲಿ ಮಹಮ್ಮದ್ ಅಲಿ ಕ್ವಾರ್ಟರ್‌ಫೈನಲ್‌ನಲ್ಲೇ ಜಿಮ್ ಜೆಫ್ರೀಸ್ ಅವರಿಗೆ ಸೋತರು, ಫೈನಲ್‌ನಲ್ಲಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದರು. ಸೇನೆಗೆ ಸೇರಲು ನಿರಾಕರಿಸಿದ್ದಕ್ಕೆ ಆಗಲೇ ಪಟ್ಟವನ್ನೂ ಪರವಾನಗಿಯನ್ನೂ ಕಳೆದುಕೊಂಡಿದ್ದ ಅಲಿ, ತಮ್ಮ ಹೆಸರಿಗೆ ಕಳಂಕ ಬಂತೆಂದು ಹತ್ತು ಲಕ್ಷ ಡಾಲರಿನ ದಾವೆ ಹೂಡಿದರು. ಆ ದಾವೆ ಕೊನೆಗೊಂಡದ್ದು ವಿಚಿತ್ರ ರೀತಿಯಲ್ಲಿ. 1969ರಲ್ಲಿ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಇಬ್ಬರೂ ಮಯಾಮಿಯ ಸ್ಟುಡಿಯೊವೊಂದರಲ್ಲಿ ಕ್ಯಾಮೆರಾದ ಮುಂದೆ ಗುದ್ದಾಡಿದರು. ಮಾರ್ಸಿಯಾನೊ ಮೈ ಇಳಿಸಿಕೊಂಡು, ಬೋಳಾಗುತ್ತಿದ್ದ ತಲೆಗೆ ಟೋಪನ್ ತೊಟ್ಟು ಬಂದಿದ್ದರು. ಹಲವು ಬಗೆಯ ಅಂತ್ಯಗಳನ್ನು ಚಿತ್ರೀಕರಿಸಿಟ್ಟುಕೊಳ್ಳಲಾಯಿತು. 1970ರ ಜನವರಿ 20ರಂದು ಅದು ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡಾಗ 13ನೇ ಸುತ್ತಿನಲ್ಲಿ ಮಾರ್ಸಿಯಾನೊ ನಾಕೌಟ್ ಮೂಲಕ ಗೆದ್ದರು. ಯುರೋಪಿನ ಪ್ರೇಕ್ಷಕರಿಗೆ ಅಲಿ ಗೆಲ್ಲುವ ಅಂತ್ಯವನ್ನು ತೋರಿಸಲಾಯಿತು. ಎರಡನ್ನೂ ನೋಡುವ ಭಾಗ್ಯ ಮಾರ್ಸಿಯಾನೊ ಅವರಿಗಿರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ದಿನಗಳಲ್ಲಿ, 46ನೇ ಹುಟ್ಟುಹಬ್ಬದ ಹಿಂದಿನ ದಿನ, ಅವರು ವಿಮಾನ ದುರಂತದಲ್ಲಿ ತೀರಿಕೊಂಡರು.

ಆ 13ನೇ ಸುತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾರ್ಸಿಯಾನೊ ಮೊದಲ ಬಾರಿ ಪಟ್ಟ ಗೆದ್ದದ್ದೂ 13ನೇ ಸುತ್ತಿನಲ್ಲಿಯೇ. ತೀರ್ಪುಗಾರರ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಅವರು ಹಗ್ಗದ ಬಳಿ ಜೆರ್ಸಿ ಜೋ ವಾಲ್ಕಾಟ್ ಅವರ ಗದ್ದಕ್ಕೆ ಒಂದೇ ಒಂದು ಚಿಕ್ಕ ಬಲಗೈ ಹೊಡೆತ ಕೊಟ್ಟು ಕಥೆ ಮುಗಿಸಿದ್ದರು. ಕಂಪ್ಯೂಟರು ಹೊಸದನ್ನೇನೂ ಕಲ್ಪಿಸಿಕೊಳ್ಳಲಿಲ್ಲ, ಜನರ ನೆನಪಿನಲ್ಲಿದ್ದ ಪಂದ್ಯವನ್ನೇ ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಆಡಿಸಿತು ಎಂದೇ ನನಗೆ ಅನ್ನಿಸುತ್ತದೆ. ವಾಲ್ಕಾಟ್ ಹಗ್ಗಕ್ಕೆ ಒರಗಿ ನಿಂತಂತೆ 1967ರ ಅಲಿ ಒರಗಿ ನಿಂತ ಒಂದು ನಿಮಿಷವನ್ನೂ ಹಳೆಯ ಚಿತ್ರಸುರುಳಿಗಳಲ್ಲಿ ನಾನು ಕಂಡಿಲ್ಲ.

ಇಲ್ಲಿಯೇ ಮೊದಲ ಷರತ್ತು ಹುಟ್ಟುತ್ತದೆ. ಬಾಕ್ಸರನ ಹೆಸರನ್ನಷ್ಟೇ ಹೇಳಿದರೆ ಸಾಲದು, ಯಾವ ದಿನದ ಬಾಕ್ಸರ್ ಎಂಬುದನ್ನೂ ಹೇಳಬೇಕು. 1967ರ ಮಾರ್ಚ್ 22ರಂದು ಜೋರಾ ಫಾಲಿಯನ್ನು ಏಳನೇ ಸುತ್ತಿನಲ್ಲಿ ಮಲಗಿಸಿದ ಅಲಿ ಬೇರೆ. ಮೂರೂವರೆ ವರ್ಷ ರಿಂಗಿನಿಂದ ದೂರವಿದ್ದು ಮರಳಿ ಬಂದು, 1971ರ ಮಾರ್ಚ್ 8ರಂದು ಜೋ ಫ್ರೇಜರ್ ಅವರ, ಪಕ್ಕದಿಂದ ಬಾಗಿ ಬರುವ ಎಡ ಹುಕ್ಕಿಗೆ 15ನೇ ಸುತ್ತಿನಲ್ಲಿ ಅಂಗಾತ ಬಿದ್ದೆದ್ದ ಅಲಿ ಬೇರೆ. ಆಫ್ರಿಕಾದ ಕಿನ್ಶಾಸಾದಲ್ಲಿ ಹಗ್ಗಕ್ಕೆ ಬೆನ್ನು ಕೊಟ್ಟು ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್ ಅವರ ಶಕ್ತಿಯೆಲ್ಲ ಸೋರಿಹೋಗುವವರೆಗೆ ಕಾದ 1974ರ ಅಲಿ ಮತ್ತೂ ಬೇರೆ. ಮೊದಲನೆಯವರಿಗೆ ಕಾಲುಗಳಿದ್ದವು. ಉಳಿದವರು ಕಾಲುಗಳಿಲ್ಲದ ಕೊರತೆಯನ್ನು ಎದೆಗಾರಿಕೆಯಿಂದಲೂ ಕುಯುಕ್ತಿಯಿಂದಲೂ ತುಂಬಿಕೊಂಡರು. ಮೂವರನ್ನೂ ಕಲಸಿ, ಮೊದಲಿನವರ ವೇಗವನ್ನೂ ಕೊನೆಯವರ ಸಹನೆಯನ್ನೂ ಕೂಡಿಸಿದ ಒಬ್ಬ ಅಲಿಯನ್ನು ಕಟ್ಟಿ ಕಣಕ್ಕಿಳಿಸುವುದು ಈ ಚರ್ಚೆಗಳಲ್ಲಿ ಎಲ್ಲರೂ ಮಾಡುವ ಮೋಸ. ಅಂಥ ಅಲಿ ಯಾವ ದಿನವೂ ಇರಲಿಲ್ಲ. ಹಾಗೆಯೇ 1951ರಲ್ಲಿ ಮಾರ್ಸಿಯಾನೊ ಸೋಲಿಸಿದ 37 ವರ್ಷದ ಲೂಯಿಸ್ ಅವರನ್ನು ಮುಂದಿಟ್ಟುಕೊಂಡು 1938ರ ಲೂಯಿಸ್ ಬಗ್ಗೆ ತೀರ್ಪು ಕೊಡುವುದೂ ಸಲ್ಲದು.

ಎರಡನೆಯದು ನಿಯಮ. 1982ರ ನವೆಂಬರಿನಲ್ಲಿ ರೇ ಮಾನ್ಸಿನಿ ಅವರೊಡನೆ 14ನೇ ಸುತ್ತಿನವರೆಗೆ ಸೆಣಸಿದ ಕೊರಿಯಾದ ಕಿಮ್ ದುಕ್ ಕೂ ಮಿದುಳಿನ ಪೆಟ್ಟಿನಿಂದ ಕೆಲವು ದಿನಗಳಲ್ಲಿ ತೀರಿಕೊಂಡ ಮೇಲೆ, ಪಟ್ಟದ ಪಂದ್ಯಗಳನ್ನು 15ರಿಂದ 12 ಸುತ್ತಿಗೆ ಇಳಿಸುವ ಕೆಲಸ ಶುರುವಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಎಲ್ಲ ಮುಖ್ಯ ಸಂಸ್ಥೆಗಳೂ ಅದನ್ನು ಒಪ್ಪಿದ್ದವು. ಮೂರು ಸುತ್ತೆಂದರೆ ಒಂಬತ್ತು ನಿಮಿಷ. ಬಾಕ್ಸಿಂಗಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ, ಏಕೆಂದರೆ ಮಾರ್ಸಿಯಾನೊ ಪಟ್ಟ ಗೆದ್ದದ್ದು, 1941ರಲ್ಲಿ ಲೂಯಿಸ್ ಬಿಲ್ಲಿ ಕಾನ್ ಅವರನ್ನು ಕೆಡವಿ ಪಟ್ಟ ಉಳಿಸಿಕೊಂಡದ್ದು ಎರಡೂ ಈಗಿನ ಲೆಕ್ಕದಲ್ಲಿ ಇಲ್ಲದ 13ನೇ ಸುತ್ತಿನಲ್ಲಿ. ಕಾನ್ ಆ ದಿನ 12 ಸುತ್ತು ಮುಗಿದಾಗ ಮುಂದಿದ್ದರು. ಇಂದಿನ ನಿಯಮವಿದ್ದಿದ್ದರೆ ಅವರೇ ಹೆವಿವೇಟ್ ಚಾಂಪಿಯನ್. ಅಂಕ ಕೊಡುವ ಪದ್ಧತಿಯೂ ಹೀಗೆಯೇ. 1971ರಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದ ಸುತ್ತುಗಳನ್ನಷ್ಟೇ ಎಣಿಸುತ್ತಿದ್ದರು. ಸುತ್ತು ಗೆದ್ದವರಿಗೆ ಹತ್ತು, ಸೋತವರಿಗೆ ಸಾಮಾನ್ಯವಾಗಿ ಒಂಬತ್ತು ಕೊಡುವ ಈಗಿನ ಹತ್ತು ಅಂಕಗಳ ಪದ್ಧತಿಯಲ್ಲಿ ಎದುರಾಳಿಯನ್ನು ಒಮ್ಮೆ ಕೆಡವಿದರೆ ಸಾಮಾನ್ಯವಾಗಿ ಇನ್ನೊಂದು ಅಂಕದ ಅಂತರ ಸಿಗುತ್ತದೆ. ನನ್ನ ಪಂದ್ಯಕ್ಕೆ ನಾನು ಹಳೆಯ 15 ಸುತ್ತನ್ನೂ ಹೊಸ ಹತ್ತು ಅಂಕವನ್ನೂ ಈಗಿನ 10 ಔನ್ಸಿನ ಗ್ಲೌಸನ್ನೂ ಇಟ್ಟುಕೊಳ್ಳುತ್ತೇನೆ. ಇಬ್ಬರಿಗೂ ತುಸು ತುಸು ಪರಕೀಯವಾಗಿರಲಿ ಎಂಬ ಉದ್ದೇಶ.

ಮೂರನೆಯದು ಮೈತೂಕ. ವಾದ ಮಾಡುವವರೆಲ್ಲ ಬಂದು ಎಡವುವುದು ಇಲ್ಲಿಯೇ. ಮಾರ್ಸಿಯಾನೊ ತಮ್ಮ ಒಳ್ಳೆಯ ದಿನಗಳಲ್ಲಿ ತೂಗುತ್ತಿದ್ದದ್ದು ಸುಮಾರು 185 ಪೌಂಡ್. ಇಂದಾದರೆ ಅವರು ಹೆವಿವೇಟೇ ಅಲ್ಲ, 200 ಪೌಂಡ್ ಮಿತಿಯ ಕ್ರೂಸರ್‌ವೇಟ್. ಚಿಕ್ಕವರು ದೊಡ್ಡವರನ್ನು ಕೆಡವಿದ ಉದಾಹರಣೆಗಳಿಗೇನೂ ಬರವಿಲ್ಲ. 1919ರ ಜುಲೈ 4ರಂದು ಟೊಲೀಡೊದಲ್ಲಿ 187 ಪೌಂಡಿನ ಡೆಂಪ್ಸಿ, ಆರೂವರೆ ಅಡಿ ಎತ್ತರದ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ನೆಲಕ್ಕೆ ಉರುಳಿಸಿದರು. ಬಿದ್ದವನಿಂದ ದೂರ ಸರಿದು ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟಳೆ ಆಗ ಇರಲಿಲ್ಲವಾದ್ದರಿಂದ, ವಿಲ್ಲರ್ಡ್ ಏಳುತ್ತಿದ್ದಂತೆ ಪಕ್ಕದಲ್ಲೇ ಕಾದು ನಿಂತು ಮತ್ತೆ ಹೊಡೆದರು. ಲೂಯಿಸ್ ಕೂಡ ತಮಗಿಂತ ಸುಮಾರು ಅರವತ್ತು ಪೌಂಡ್ ಹೆಚ್ಚು ತೂಗುತ್ತಿದ್ದ ಪ್ರೀಮೊ ಕಾರ್ನೆರಾ ಅವರನ್ನು 1935ರಲ್ಲಿ ಆರನೇ ಸುತ್ತಿನಲ್ಲಿ ಮುಗಿಸಿದರು. ಆದರೆ ವಿಲ್ಲರ್ಡ್, ಕಾರ್ನೆರಾ ಅವರನ್ನು ಹಿಡಿದುಕೊಂಡು ನಮ್ಮ ಕಾಲದ ದೈತ್ಯರಾದ ಲೆನಾಕ್ಸ್ ಲೂಯಿಸ್, ವ್ಲಾಡಿಮಿರ್ ಕ್ಲಿಚ್ಕೊ, ಟೈಸನ್ ಫ್ಯೂರಿ ಅವರನ್ನು ಅಳೆಯಲಾಗದು. ಹಿಂದಿನ ದೈತ್ಯರಿಗೆ ಎತ್ತರವಿತ್ತು, ಇವರಿಗೆ ಎತ್ತರವನ್ನು ದುಡಿಸಿಕೊಳ್ಳುವ ವಿದ್ಯೆಯಿತ್ತು. ಉದ್ದನೆಯ ಜ್ಯಾಬ್‌ನಿಂದ ದೂರ ಇಡುವುದು, ಅದನ್ನು ದಾಟಿ ಒಳಗೆ ಬಂದವನನ್ನು ಅಪ್ಪಿ ಹಿಡಿದು ಮೈಭಾರವನ್ನೆಲ್ಲ ಅವನ ಕತ್ತಿನ ಮೇಲೆ ಹೇರುವುದು, ರೆಫರಿ ಬಿಡಿಸಿದ ಮೇಲೆ ಮತ್ತೆ ಮೊದಲಿನಿಂದ ಜ್ಯಾಬ್. ಮಾರ್ಸಿಯಾನೊ ಅವರ ಕೈಗಳ ಹರವು ಸುಮಾರು 68 ಇಂಚು, ಫ್ಯೂರಿಯದು 85. ಆ ಅಂತರವನ್ನು ಪ್ರತಿ ಸುತ್ತಿನಲ್ಲೂ ಹತ್ತಾರು ಸಲ, ಪ್ರತಿ ಸಲವೂ ಪೆಟ್ಟು ತಿಂದು ದಾಟಬೇಕು. ಮಾರ್ಸಿಯಾನೊ ಅವರ ಛಲದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಫ್ಯೂರಿ ಎದುರಿನ ಪಂದ್ಯವನ್ನು ಅವರ ಹೆಸರಿಗೆ ಬರೆಯಲು ನನ್ನ ಕೈ ಏಳುವುದಿಲ್ಲ.

ಎಲ್ಲರೂ ಕೇಳುವ ಅಲಿ–ಟೈಸನ್ ಪಂದ್ಯದ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ. ಟೈಸನ್ ಅವರನ್ನು ಕಾಡಿದ್ದು ಉದ್ದನೆಯ ಜ್ಯಾಬ್, ಹತ್ತಿರ ಬಂದಾಗ ಕೈಕಟ್ಟಿ ಹಾಕುವ ಹಿಡಿತ, ಮತ್ತು ಮೊದಲ ನಾಲ್ಕು ಸುತ್ತಿನಲ್ಲಿ ಹೆದರದೆ ನಿಂತ ಎದುರಾಳಿ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ತೋರಿಸಿದ್ದೂ ಇದನ್ನೇ. ಇವು ಮೂರೂ ಅಲಿ ಅವರಲ್ಲಿ ಧಾರಾಳವಾಗಿದ್ದವು. 1988ರ ಟೈಸನ್ ಮತ್ತು 1973ರ ಫೋರ್ಮನ್ ನಡುವಿನ ಪಂದ್ಯ ಇದಕ್ಕಿಂತ ರುಚಿಕರ, ಆದರೆ ಬಹಳ ಚುಟುಕು. ತಲೆ ತಗ್ಗಿಸಿ ನೇರವಾಗಿ ನುಗ್ಗುವ ಗಿಡ್ಡ ಬಾಕ್ಸರಿಗೆ ಫೋರ್ಮನ್ ಅವರ, ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್ ಏನು ಮಾಡುತ್ತದೆಂಬುದನ್ನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಎರಡೇ ಸುತ್ತಿನೊಳಗೆ ಆರು ಸಲ ಬಿದ್ದ ಫ್ರೇಜರ್ ಬಲ್ಲರು. ಟೈಸನ್ ಅವರ ತಲೆಯ ಚಲನೆ ಫ್ರೇಜರ್ ಅವರದಕ್ಕಿಂತ ಚುರುಕು ಎಂಬುದನ್ನು ಒಪ್ಪಿಯೂ ನಾನು ಫೋರ್ಮನ್ ಅವರ ಕಡೆಗೇ ನಿಲ್ಲುತ್ತೇನೆ.

ನನ್ನ ತಲೆಯಲ್ಲಿ ಬಹಳ ಕಾಲದಿಂದ ಸುತ್ತುತ್ತಿರುವ ಪಂದ್ಯ ಬೇರೆ. 1967ರ ಅಲಿ ಮತ್ತು ಉಕ್ರೇನಿನ ಹೆವಿವೇಟ್ ಬಾಕ್ಸರ್, 2024ರ ಒಲೆಕ್ಸಾಂಡರ್ ಉಸಿಕ್. ಅಲಿ ಇಂದಿನ ಹೆವಿವೇಟಿಗೆ ಚಿಕ್ಕವರಾಗುತ್ತಿದ್ದರು ಎಂಬ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೆವು. 2024ರ ಮೇ 18ರಂದು ರಿಯಾದಿನಲ್ಲಿ ಆರು ಅಡಿ ಒಂಬತ್ತು ಇಂಚಿನ, 262 ಪೌಂಡಿನ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಸಂಸ್ಥೆಗಳ ಪಟ್ಟಗಳನ್ನು ಒಟ್ಟುಗೂಡಿಸಿದ ಉಸಿಕ್ ಎತ್ತರ ಆರು ಅಡಿ ಮೂರು ಇಂಚು, ಕೈಗಳ ಹರವು 78 ಇಂಚು. ಅಲಿ ಅವರ ಅಳತೆಯೂ ಇಂಚಿಗೆ ಇಂಚು ಇದೇ. ತೂಕದಲ್ಲಿ ಉಸಿಕ್ ಸುಮಾರು 223, ಅಲಿ 212ರ ಆಸುಪಾಸು. ಇಬ್ಬರೂ ಒಲಿಂಪಿಕ್ ಚಿನ್ನ ಗೆದ್ದವರು, ಅಲಿ 1960ರಲ್ಲಿ ರೋಮಿನಲ್ಲಿ, ಉಸಿಕ್ 2012ರಲ್ಲಿ ಲಂಡನ್ನಿನಲ್ಲಿ. ಇಬ್ಬರೂ ಹುಟ್ಟಿದ್ದು ಜನವರಿ 17ರಂದೇ. ಈ ಕೊನೆಯ ಸಂಗತಿಗೂ ಪಂದ್ಯದ ಫಲಿತಾಂಶಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಹೇಳದಿರಲು ಮನಸ್ಸು ಬರಲಿಲ್ಲ.

ವ್ಯತ್ಯಾಸವಿರುವುದು ನಿಲುವಿನಲ್ಲಿ. ಉಸಿಕ್ ಸೌತ್‌ಪಾ, ಅಂದರೆ ಬಲಗೈ ಬಲಗಾಲು ಮುಂದಿಟ್ಟು ಎಡಗೈಯನ್ನು ಹಿಂದೆ ಕಾಯ್ದಿಡುವ ಬಾಕ್ಸರ್. ಅಲಿ ತಮ್ಮ ಉತ್ತಮ ದಿನಗಳಲ್ಲಿ ಪಟ್ಟಕ್ಕಾಗಿ ಎದುರಿಸಿದ ಸೌತ್‌ಪಾ ಒಬ್ಬರೇ, 1966ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಾರ್ಲ್ ಮಿಲ್ಡನ್‌ಬರ್ಗರ್. ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳದ ಆ ಜರ್ಮನ್ ಬಾಕ್ಸರ್ 12ನೇ ಸುತ್ತಿನವರೆಗೆ ನಿಂತರು. ನಡುವಿನ ಸುತ್ತುಗಳಲ್ಲಿ ಅವರ ಎಡಗೈ ಅಲಿ ಅವರ ಪಕ್ಕೆಗೂ ಮುಖಕ್ಕೂ ತಗಲಿದ್ದನ್ನು ಚಿತ್ರದಲ್ಲಿ ನೋಡಬಹುದು. ಆ ವರ್ಷ ಅಲಿ ಬೇರೆಯವರೆದುರು ಕುಣಿದ ಕುಣಿತ ಅಲ್ಲಿ ಕಾಣುವುದಿಲ್ಲ, ಕಾಲು ಎಲ್ಲಿಡಬೇಕೆಂದು ಯೋಚಿಸಿ ಇಡುವಂತೆ ಕಾಣುತ್ತದೆ. ಮಿಲ್ಡನ್‌ಬರ್ಗರ್ ಗಟ್ಟಿಗರೇ, ಆದರೆ ಉಸಿಕ್ ಅವರ ಮಟ್ಟದವರಲ್ಲ.

ಕಾಲಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಡಗಾಲು ಮುಂದಿಟ್ಟವನೂ ಬಲಗಾಲು ಮುಂದಿಟ್ಟವನೂ ಎದುರುಬದುರಾದಾಗ ಇಬ್ಬರ ಮುಂಗಾಲುಗಳೂ ಒಂದೇ ಪಕ್ಕದಲ್ಲಿ, ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಯಾರ ಪಾದ ಹೊರಬದಿಯಲ್ಲಿದೆಯೋ ಅವರ ಹಿಂಗೈ ಎದುರಾಳಿಯ ಗದ್ದಕ್ಕೆ ನೇರ ರೇಖೆಯಲ್ಲಿರುತ್ತದೆ, ಒಳಬದಿಯಲ್ಲಿರುವವರ ಹಿಂಗೈ ಆ ರೇಖೆಯನ್ನು ಹುಡುಕಬೇಕಾಗುತ್ತದೆ. ಅಲಿ ಹೆಚ್ಚಾಗಿ ತಮ್ಮ ಎಡಕ್ಕೆ ಸುತ್ತುತ್ತಿದ್ದರು. ಉಸಿಕ್ ತಮ್ಮ ಬಲಕ್ಕೆ ಸುತ್ತುತ್ತಾರೆ. ಎದುರುಬದುರು ನಿಂತಾಗ ಒಬ್ಬರ ಎಡವೇ ಇನ್ನೊಬ್ಬರ ಬಲ. ಹಾಗಾಗಿ ಇಬ್ಬರಿಗೂ ಬೇಕಾದದ್ದು ಒಂದೇ ಅಂಗೈಯಗಲದ ನೆಲ. ಈ ಪಂದ್ಯದ ಮೊದಲ ಹತ್ತು ನಿಮಿಷ ಕೈಗಳಿಗಿಂತ ಆ ನೆಲದ ಮೇಲೆಯೇ ನನ್ನ ಕಣ್ಣಿರುತ್ತದೆ.

ಜ್ಯಾಬ್‌ನ ಕಥೆಯೂ ಬದಲಾಗುತ್ತದೆ. ಎದುರಾಳಿಯ ಮುಂಗೈ ತನ್ನ ಮುಂಗೈಯ ಎದುರಿಗೇ ಇರುವುದರಿಂದ ಅಲಿ ಅವರ ಪ್ರಸಿದ್ಧ ಎಡ ಜ್ಯಾಬ್ ಉಸಿಕ್ ಅವರ ಬಲಗೈ ಗ್ಲೌಸಿಗೆ ಬಡಿದು ದಿಕ್ಕು ತಪ್ಪುತ್ತದೆ. ಇಂಥ ನಿಲುವಿನಲ್ಲಿ ಕೆಲಸಕ್ಕೆ ಬರುವುದು ಪೀಠಿಕೆಯಿಲ್ಲದೆ ನೇರವಾಗಿ ಬರುವ ಬಲಗೈ. ಅದು ಅಲಿ ಅವರಲ್ಲಿತ್ತು. ಕಿನ್ಶಾಸಾದ ಮೊದಲ ಸುತ್ತಿನಲ್ಲಿ ಫೋರ್ಮನ್ ಅವರನ್ನು ಬೆಪ್ಪುಗೊಳಿಸಿದ್ದು ಆ ಹೊಡೆತವೇ, ಮತ್ತು 1967ರಲ್ಲಿ ಅದರ ವೇಗ ಇನ್ನೂ ಹೆಚ್ಚಿತ್ತು.

ಈಗ ದೋಷಗಳಿಗೆ ಬರೋಣ. ಅಲಿ ಅವರ ದೋಷ ಎಲ್ಲರಿಗೂ ಗೊತ್ತಿರುವುದೇ. ಕೈಗಳು ಸೊಂಟದ ಬಳಿ ಇರುತ್ತವೆ, ಹೊಡೆತ ಬಂದಾಗ ತಲೆ ಪಕ್ಕಕ್ಕೆ ಸರಿಯುವ ಬದಲು ನೇರ ಹಿಂದಕ್ಕೆ ಹೋಗುತ್ತದೆ. ಎದುರಾಳಿಯ ಗ್ಲೌಸ್ ಮೂಗಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ನಿಂತುಬಿಡುತ್ತದೆ, ಅದು ಹಿಂದಕ್ಕೆ ಹೋಗುವ ಮೊದಲೇ ಅಲಿ ಅವರ ಎಡಗೈ ಬಂದು ಮುಖಕ್ಕೆ ಬಡಿದಿರುತ್ತದೆ. ನೋಡಲು ಬೆರಗು, ಆದರೆ ಒಂದೇ ಹೊಡೆತ ಹೊಡೆದು ನಿಲ್ಲುವವನ ಮೇಲೆ ಮಾತ್ರ ಇದು ನಡೆಯುತ್ತದೆ. ಮೊದಲ ಹೊಡೆತವನ್ನು ಹುಸಿಯಾಗಿ ಬಿಟ್ಟು, ತಲೆ ಹಿಂದಕ್ಕೆ ಹೋದಷ್ಟೂ ತಾನು ಮುಂದಕ್ಕೆ ಹೆಜ್ಜೆಯಿಟ್ಟು ಎರಡನೆಯದನ್ನು ನಿಜವಾಗಿ ಹೊಡೆದರೆ ತಪ್ಪಿಸಿಕೊಳ್ಳಲು ಜಾಗವೇ ಉಳಿದಿರುವುದಿಲ್ಲ. ಕೆನ್ ನಾರ್ಟನ್ 1973ರಲ್ಲಿ ಈ ದಾರಿಯಲ್ಲಿಯೇ ನಡೆದು ಅಲಿ ಅವರ ದವಡೆ ಮುರಿದರು. ಉಸಿಕ್ ಅವರ ಇಡೀ ಆಟ ನಿಂತಿರುವುದೇ ಈ ಎರಡನೇ ಹೆಜ್ಜೆಯ ಮೇಲೆ. ಬಲಗೈಯಿಂದ ಎರಡು ಮೂರು ಸಲ ಸುಮ್ಮನೆ ಮುಟ್ಟಿ, ಪ್ರತಿ ಮುಟ್ಟಿಗೂ ಅರ್ಧ ಹೆಜ್ಜೆ ಒಳಗೆ ಬಂದು, ಆಮೇಲೆ ಎಡಗೈ ಬಿಡುವುದು. ಅಂದರೆ ಅಲಿ ಬೀಗದ ಕೀಲಿ ಅವರಲ್ಲಿದೆ.

ಉಸಿಕ್ ಅವರ ದೋಷ ಯಾವುದು? ಹೊಟ್ಟೆ. ಅವರಿಗೆ ತೊಂದರೆ ಕೊಟ್ಟವರೆಲ್ಲ ಸೊಂಟಪಟ್ಟಿಯ ಮೇಲ್ಭಾಗವನ್ನೇ ಗುರಿಯಾಗಿಟ್ಟುಕೊಂಡವರು. ಆಂಟನಿ ಜೋಶುವಾ ಮರುಪಂದ್ಯದಲ್ಲಿ ಮಾಡಿದ್ದು ಅದೇ, ರಿಯಾದಿನಲ್ಲಿ ನಡುವಿನ ಸುತ್ತುಗಳಲ್ಲಿ ಫ್ಯೂರಿ ಮೇಲುಗೈ ಸಾಧಿಸಿದ್ದರಲ್ಲೂ ಒಡಲಿಗೆ ಬಿದ್ದ ಹೊಡೆತಗಳ ಪಾಲು ದೊಡ್ಡದು. ಆದರೆ ಒಡಲಿಗೆ ಹೊಡೆಯದ ಮಹಾನ್ ಬಾಕ್ಸರ್ ಯಾರು ಎಂದು ಯಾರಾದರೂ ಕೇಳಿದರೆ ಮೊದಲು ಬರುವ ಹೆಸರೇ ಅಲಿ. ಅವರ ಹೊಡೆತಗಳೆಲ್ಲ ತಲೆಗೇ. ಉಸಿಕ್ ಅವರ ಬೀಗ ಕಣ್ಣೆದುರಿಗೇ ಇದೆ, ಆದರೆ ಆ ಕೀಲಿಯನ್ನು ಅಲಿ ಯಾವತ್ತೂ ಜೇಬಿನಲ್ಲಿ ಇಟ್ಟುಕೊಂಡವರಲ್ಲ.

ನನ್ನದೇ ಅಳತೆಗೋಲಿನಲ್ಲಿ ಇಲ್ಲಿಗೆ ಉಸಿಕ್ ಗೆಲ್ಲಬೇಕು. ಆದರೂ ನಾನು ಅಷ್ಟಕ್ಕೇ ನಿಲ್ಲದಿರುವುದಕ್ಕೆ ಒಂದು ಕಾರಣವಿದೆ. ಉಸಿಕ್ ಗೆದ್ದ ದೊಡ್ಡ ಪಂದ್ಯಗಳೆಲ್ಲವೂ ತಮಗಿಂತ ಭಾರವಾದವರನ್ನು ನಡೆಸಿ ನಡೆಸಿ ದಣಿಸಿದ ಪಂದ್ಯಗಳು. ಫ್ಯೂರಿ ಒಂಬತ್ತನೇ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ತೂರಾಡಿ, ರೆಫರಿ ನಡುವೆ ಬಂದು ಎಣಿಸಬೇಕಾದ ಸ್ಥಿತಿಗೆ ಬಂದದ್ದು ಎಂಟು ಸುತ್ತುಗಳ ಕಾಲ ಕಾಲುಗಳಿಗೆ ಬಿಡುವೇ ಕೊಡದ ಫಲ. 25 ವರ್ಷದ, 212 ಪೌಂಡಿನ ಅಲಿ ಹಾಗೆ ದಣಿಯುವ ಆಳಲ್ಲ. ಅವರು 1966ರಲ್ಲಿ ಜಾರ್ಜ್ ಚುವಾಲೊ ಎದುರೂ 1967ರ ಫೆಬ್ರವರಿಯಲ್ಲಿ ಎರ್ನಿ ಟೆರೆಲ್ ಎದುರೂ ಪೂರ್ತಿ 15 ಸುತ್ತು ಆಡಿ ಮುಗಿಸಿದವರು. ಉಸಿಕ್ 12ನೇ ಸುತ್ತಿನ ಆಚೆಗೆ ಕಾಲಿಟ್ಟವರಲ್ಲ, ಮತ್ತು ರಿಯಾದಿನ ದಿನ ಅವರಿಗೆ 37 ವರ್ಷ.

ಹಾಗಾದರೆ ಪಂದ್ಯ ನನ್ನ ಕಣ್ಣಿಗೆ ಹೀಗೆ ಕಾಣುತ್ತದೆ. ಮೊದಲ ನಾಲ್ಕು ಸುತ್ತು ಅಲಿ ಅವರವು. ಉಸಿಕ್ ಆರಂಭದಲ್ಲಿ ಅಳೆದು ನೋಡುವವರು, ಆ ಹೊತ್ತಿನಲ್ಲಿ ಎದುರಿಗಿರುವ ಕೈಗಳ ವೇಗ ಅವರು ಹಿಂದೆಂದೂ ಕಾಣದಷ್ಟು. ಐದನೆಯದರಿಂದ ಬಲಗಾಲು ಹೊರಬದಿಯ ನೆಲವನ್ನು ಹಿಡಿಯತೊಡಗುತ್ತದೆ, ಎಡಗೈ ಪಕ್ಕೆಗೆ ಬೀಳುತ್ತದೆ, ಏಳನೇ ಸುತ್ತಿನಲ್ಲಿ ಹಿಂದಕ್ಕೆ ಬಾಗಿದ ಗದ್ದವನ್ನು ಆ ಎರಡನೇ ಹೊಡೆತ ಹುಡುಕಿಕೊಂಡು ಬರುತ್ತದೆ. ಅಲಿ ಬೀಳುತ್ತಾರೆ. 1963ರಲ್ಲಿ ಹೆನ್ರಿ ಕೂಪರ್ ಕೆಡವಿದಾಗ ಎದ್ದಂತೆಯೇ ಏಳುತ್ತಾರೆ, ಆದರೆ ಆ ಸುತ್ತಿನಲ್ಲಿ ಎರಡು ಅಂಕ ಹೋಗಿರುತ್ತದೆ. ಹತ್ತನೆಯದು ಮುಗಿಯುವ ವೇಳೆಗೆ ಉಸಿಕ್ ಮುಂದೆ. 12ನೇ ಸುತ್ತಿಗೆ ಗಂಟೆ ಬಾರಿಸಿ ಪಂದ್ಯ ನಿಲ್ಲಿಸಿದರೆ ಇಬ್ಬರು ತೀರ್ಪುಗಾರರ ಚೀಟಿಯಲ್ಲಿ ಉಸಿಕ್ ಹೆಸರಿರುತ್ತದೆ. 13, 14, 15 ಉಳಿದಿರುವುದರಿಂದ, ಅಲ್ಲಿ ವಯಸ್ಸಿನ 12 ವರ್ಷದ ಅಂತರ ಮಾತಾಡುವುದರಿಂದ, ನಿಧಾನಗೊಂಡ ಉಸಿಕ್ ಅವರ ಬಲಗೈಯ ಮೇಲಿಂದ ಅಲಿ ಅವರ ನೇರ ಬಲಗೈ ಸಲೀಸಾಗಿ ಹೋಗಿ ತಗಲುವುದರಿಂದ, ಮೂರೂ ಸುತ್ತು ಅಲಿ ಅವರವು. ಭಿನ್ನ ತೀರ್ಪು (ಇಬ್ಬರು ತೀರ್ಪುಗಾರರು ಒಬ್ಬರ ಕಡೆ, ಮೂರನೆಯವರು ಇನ್ನೊಬ್ಬರ ಕಡೆ), ಒಂದೋ ಎರಡೋ ಅಂಕದ ಅಂತರ, ಅಲಿ.

ಇದು ಒಂದೇ ಪಂದ್ಯವಾದರೆ. ಉಸಿಕ್ ಮಾತ್ರ ಎರಡನೇ ಸಲ ಇನ್ನೂ ಅಪಾಯಕಾರಿ. ಫ್ಯೂರಿ ಎದುರು ಮೊದಲ ಸಲ ಭಿನ್ನ ತೀರ್ಪಿನಿಂದ ಗೆದ್ದವರು 2024ರ ಡಿಸೆಂಬರಿನಲ್ಲಿ ಮೂವರೂ ತೀರ್ಪುಗಾರರ ಒಮ್ಮತದಿಂದ ಗೆದ್ದರು. ಡೇನಿಯಲ್ ಡುಬೊಯಿಸ್ ಮೊದಲ ಸಲ ಒಂಬತ್ತನೇ ಸುತ್ತಿನವರೆಗೆ ನಿಂತಿದ್ದರು, 2025ರ ಜುಲೈನಲ್ಲಿ ಐದನೆಯದರಲ್ಲೇ ಮುಗಿದರು. ಅಲಿ ಕೂಡ ಮರುಪಂದ್ಯಗಳಲ್ಲಿ ಎತ್ತಿದ ಕೈ. ಆದರೆ ನಾರ್ಟನ್ ಎಂಬ ಒಂದು ಒಗಟನ್ನು ಅವರು ಕೊನೆಯವರೆಗೂ ಬಿಡಿಸಲಿಲ್ಲ. ಮೂರು ಪಂದ್ಯ ಆಡಿದರು, ಒಂದರಲ್ಲಿ ಸೋತರು, ಗೆದ್ದ ಎರಡೂ ಕೂದಲೆಳೆಯ ಅಂತರದವು, ಮೂರನೆಯದರ ತೀರ್ಪಿನ ಬಗ್ಗೆ ಇಂದಿಗೂ ಜಗಳವಿದೆ. ಮುಂದಕ್ಕೆ ಬರುವ ಆ ಎರಡನೇ ಹೆಜ್ಜೆಗೆ ಮೂರು ವರ್ಷ ಕಳೆದರೂ ಅವರಲ್ಲಿ ಉತ್ತರ ಹುಟ್ಟಿರಲಿಲ್ಲ. ಅದಕ್ಕೇ ಮರುಪಂದ್ಯ ನಡೆದರೆ, 15 ಸುತ್ತಾದರೂ ಸರಿ, ನಾನು ಉಸಿಕ್ ಹೆಸರನ್ನೇ ಬರೆಯುತ್ತೇನೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಉಸಿಕ್ ಅವರಿಗೆ ನಲವತ್ತಾಗಿರುತ್ತದೆ, ಅಲಿ ಅವರಿಗೆ ಇನ್ನೂ 28.